ಮೂಗಿನ ಆಪರೇಷನ್ ಆದ ಮೇಲೆ ಮಷೀನ್ ಮತ್ತೆ ಯಾವಾಗ? ಚೀಟಿಯಲ್ಲಿ ತಾರೀಕು ಬರೆದುಕೊಡಿ

ಸಂಪಾದಕರಿಗೆ ನಮಸ್ಕಾರ.

ಪತ್ರ ಉದ್ದ ಆಗಿದೆ, ಕ್ಷಮಿಸಿ. ಜಾಗ ಸಾಲದೆ ಕತ್ತರಿಸಲೇಬೇಕಾದರೆ ನನ್ನ ಕಥೆ ಕತ್ತರಿಸಿ, ತಾರೀಕಿನ ಬಗ್ಗೆ ಬರೆದದ್ದನ್ನು ಉಳಿಸಿ.

ಹೋದ ತಿಂಗಳು ನಮ್ಮ ಶಾಲೆಯಲ್ಲೇ ಕೆಲಸ ಮಾಡಿ ನಿವೃತ್ತರಾದ ಮೇಷ್ಟ್ರೊಬ್ಬರ ಮನೆಗೆ ಹೋಗಿದ್ದೆ. ಕಲಬುರಗಿಯಲ್ಲೇ, ಆಳಂದ ರಸ್ತೆ ಕಡೆ ಅವರ ಮನೆ. ಚಹಾ ಕುಡಿಯುತ್ತಾ ಕೂತಾಗ ಅಲಮಾರಿ ಮೇಲೆ ಒಂದು ಬೂದು ಬಣ್ಣದ ಬ್ಯಾಗ್ ಕಂಡಿತು. ಮೇಲೆ ಧೂಳು ಕೂತಿತ್ತು. ನೋಡಿದ ಕೂಡಲೇ ಗುರುತು ಸಿಕ್ಕಿತು, ಯಾಕೆಂದರೆ ಅಂಥದ್ದೇ ಬ್ಯಾಗ್ ನನ್ನ ಮಂಚದ ಪಕ್ಕದಲ್ಲೂ ಇದೆ. ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವ ಸ್ಲೀಪ್ ಆಪ್ನಿಯಾ ಕಾಯಿಲೆ ಇರುವವರು ರಾತ್ರಿ ಹಾಕಿಕೊಳ್ಳುವ, ಮಾಸ್ಕಿನಿಂದ ಗಾಳಿ ಕಳಿಸುವ ಸಿಪ್ಯಾಪ್ ಮಷೀನಿನ ಬ್ಯಾಗ್ ಅದು. ಯಾಕ್ರೀ ಸರ್ ಮೇಲಿಟ್ಟೀರಿ ಅಂತ ಕೇಳಿದೆ. ದೀಪಾವಳಿ ಮುಂದೆ ಮೂಗಿನ ಆಪರೇಷನ್ ಆಯಿತಂತೆ. ಹದಿನೈದು ದಿನ ಮಷೀನ್ ಹಾಕಬೇಡಿ ಅಂತ ಡಾಕ್ಟರ್ ಹೇಳಿದ್ದರಂತೆ. ಆ ಹದಿನೈದು ದಿನ ಈಗ ಎಂಟು ತಿಂಗಳಾಗಿದೆ. "ಮೂಗು ಈಗ ಛಲೋ ಆಗ್ಯಾದ ಟೀಚರ್, ಗೊರಕೀನೂ ಕಮ್ಮಿ ಆಗ್ಯಾದ, ಮತ್ಯಾಕ ಅದು?" ಅಂದರು. ಅಷ್ಟು ಹೇಳಿ ಹತ್ತು ನಿಮಿಷ ಆಗಿರಲಿಲ್ಲ, ಕೂತ ಕುರ್ಚಿಯಲ್ಲೇ ಕಣ್ಣು ಮುಚ್ಚಿದರು. ಬೆಳಗಿನ ಹನ್ನೊಂದು ಗಂಟೆ. ಅವರ ಹೆಂಡತಿ ನನ್ನನ್ನು ಅಡುಗೆ ಮನೆಗೆ ಕರೆದು, ರಾತ್ರಿ ಈಗಲೂ ಉಸಿರು ನಿಂತು ನಿಂತು ಬರುತ್ತೆ, ನಾನು ಎದ್ದು ಕೂತು ನೋಡ್ತೀನಿ, ಅಂದರು.

ನನಗೆ ಆ ಮಾತು ಎದೆಗೆ ನಾಟಿತು. ಎರಡು ವರ್ಷದ ಹಿಂದೆ ನಾನೂ ಅದೇ ಜಾಗದಲ್ಲಿ ನಿಂತಿದ್ದೆ. ಮಷೀನ್ ಮತ್ತೆ ಶುರು ಮಾಡಿದ್ದು ನನ್ನ ಬುದ್ಧಿಯಿಂದಲ್ಲ, ಮಗಳ ಹಟದಿಂದ. ಅವಳು ಇಲ್ಲದಿದ್ದರೆ ನನ್ನ ಬ್ಯಾಗೂ ಅಲಮಾರಿ ಮೇಲೆ ಇರುತ್ತಿತ್ತು.

ಗೊತ್ತಿಲ್ಲದವರಿಗಾಗಿ ಸ್ವಲ್ಪ ಹೇಳುತ್ತೇನೆ. ನಿದ್ದೆ ಹತ್ತಿದಾಗ ಗಂಟಲಿನ ಮಾಂಸ ಸಡಿಲ ಆಗುತ್ತೆ. ಕೆಲವರಿಗೆ ಅದು ಎಷ್ಟು ಕುಸಿಯುತ್ತೆ ಅಂದರೆ ಗಾಳಿ ಹೋಗುವ ದಾರಿಯೇ ಮುಚ್ಚಿಹೋಗುತ್ತೆ. ಎದೆ ಎಳೆಯುತ್ತಾ ಇರುತ್ತೆ, ಗಾಳಿ ಮಾತ್ರ ಒಳಗೆ ಹೋಗಲ್ಲ. ರಕ್ತದಲ್ಲಿ ಆಕ್ಸಿಜನ್ ಇಳಿಯುತ್ತೆ, ಮಿದುಳು ಗಾಬರಿಯಾಗಿ ಎಬ್ಬಿಸುತ್ತೆ, ದೊಡ್ಡ ಶಬ್ದ ಮಾಡಿ ಉಸಿರು ಎಳೆದುಕೊಂಡು ಮತ್ತೆ ಮಲಗುತ್ತೇವೆ. ಎದ್ದದ್ದು ನಮಗೆ ನೆನಪಿರಲ್ಲ. ಉಸಿರು ಹತ್ತು ಸೆಕೆಂಡು ಅಥವಾ ಜಾಸ್ತಿ ನಿಂತರೆ ಅದನ್ನು ಒಂದು ಅಂತ ಲೆಕ್ಕ ಹಿಡಿಯುತ್ತಾರೆ, ಉಸಿರು ತೀರಾ ಕಮ್ಮಿ ಆದದ್ದನ್ನೂ ಅದಕ್ಕೆ ಸೇರಿಸುತ್ತಾರೆ. ತಾಸಿಗೆ 5ರಿಂದ 15 ಇದ್ದರೆ ಸಣ್ಣದು, 15ರಿಂದ 30 ಮಧ್ಯಮ, 30 ದಾಟಿದರೆ ತೀವ್ರ. ನನಗೆ 41 ಇತ್ತು. ಅಂದರೆ ಒಂದೂವರೆ ನಿಮಿಷಕ್ಕೆ ಒಂದು ಸಲ, ರಾತ್ರಿಯಿಡೀ. 2022ರ ಫೆಬ್ರವರಿಯಲ್ಲಿ ಹಾಡುಗಾರ ಬಪ್ಪಿ ಲಹರಿ ತೀರಿಕೊಂಡಾಗ ಮುಂಬೈ ಆಸ್ಪತ್ರೆಯವರು ಇದೇ ಕಾಯಿಲೆಯ ಹೆಸರು ಹೇಳಿದ್ದರು. ಮಗಳು ಆಗಲೇ ಟಿವಿ ನೋಡುತ್ತಾ, ಅಮ್ಮಾ ನಿನಗೂ ಹಿಂಗೇ ಆಗುತ್ತೆ ಅಲ್ವಾ ಅಂದಿದ್ದಳು. ನಾನು ಸುಮ್ಮನಿರು ಅಂತ ಗದರಿಸಿದ್ದೆ.

ಹೆಂಗಸರಿಗೆ ಗೊರಕೆ ಅನ್ನುವುದೇ ನಾಚಿಕೆಯ ಮಾತು. ಹುಮನಾಬಾದಿನಲ್ಲಿ ಸಂಬಂಧಿಕರ ಮದುವೆಗೆ ಹೋದಾಗ ಹೆಂಗಸರೆಲ್ಲ ಒಂದೇ ಹಾಲ್‌ನಲ್ಲಿ ಜಮಖಾನೆ ಹಾಸಿ ಮಲಗಿದ್ದೆವು. ನಾನು ಗೋಡೆಗೆ ಒರಗಿ ಬೆಳತನಕ ಎಚ್ಚರ ಕೂತಿದ್ದೆ, ಯಾರಿಗಾದರೂ ಕೇಳಿಸಿಬಿಟ್ಟೀತು ಅಂತ. ಹಗಲು ಸುಸ್ತು. ಬೆಳಗ್ಗೆ ಎದ್ದರೆ ತಲೆನೋವು. ರಾತ್ರಿ ನಾಲ್ಕು ಸಲ ಮೂತ್ರಕ್ಕೆ ಏಳುತ್ತಿದ್ದೆ. ಶುಗರ್ ನೋಡಿಸಿದೆ, ಥೈರಾಯ್ಡ್ ನೋಡಿಸಿದೆ, ರಕ್ತ ಕಡಿಮೆ ಅಂತ ಗುಳಿಗೆ ನುಂಗಿದೆ. ಬಿಪಿಗೆ ಒಂದು ಗುಳಿಗೆ ಇದ್ದದ್ದು ಎರಡಾಯಿತು. ಮುಟ್ಟು ನಿಲ್ಲುವ ವಯಸ್ಸು, ಹೀಗೇ ಇರುತ್ತೆ ಅಂದರು. ಆ ವಯಸ್ಸಿನ ನಂತರ ಹೆಂಗಸರಿಗೆ ಈ ಕಾಯಿಲೆ ಜಾಸ್ತಿ ಆಗುತ್ತೆ ಅಂತ ಒಬ್ಬರೂ ಹೇಳಲಿಲ್ಲ. ನನ್ನ ಶಾಲೆ ಜೇವರ್ಗಿ ತಾಲ್ಲೂಕಿನಲ್ಲಿದೆ. ಬಸ್ಸು ಕಟ್ಟಿಸಂಗಾವಿ ಹತ್ತಿರ ಭೀಮಾ ಸೇತುವೆ ದಾಟಿದ್ದೂ ಗೊತ್ತಾಗುತ್ತಿರಲಿಲ್ಲ, ಅಷ್ಟು ನಿದ್ದೆ. ಒಂದು ದಿನ ಏಳನೇ ಕ್ಲಾಸಿನಲ್ಲಿ ಮಕ್ಕಳು ಬರೆದುಕೊಳ್ಳುತ್ತಿದ್ದಾಗ ಕೂತಲ್ಲೇ ತೂಕಡಿಸಿದೆ. ಕಣ್ಣು ಬಿಟ್ಟಾಗ ಇಡೀ ಕ್ಲಾಸು ಉಸಿರು ಬಿಗಿಹಿಡಿದು ಸುಮ್ಮನೆ ಕೂತಿತ್ತು, ಟೀಚರ್‌ಗೆ ಹುಷಾರಿಲ್ಲ, ಶಬ್ದ ಮಾಡಬೇಡಿ ಅಂತ ಒಬ್ಬಳು ಹೇಳಿದ್ದಳಂತೆ. ಅವತ್ತೇ ಪರೀಕ್ಷೆ ಮಾಡಿಸಲು ಒಪ್ಪಿದೆ.

ಪರೀಕ್ಷೆಗೆ ಹೈದರಾಬಾದಿಗೆ ಹೋದೆವು. ತಲೆಗೆ, ಕೆನ್ನೆಗೆ, ಕಾಲಿಗೆ ತಂತಿ, ಎದೆಗೆ ಪಟ್ಟಿ, ಬೆರಳಿಗೆ ಕ್ಲಿಪ್ಪು ಹಾಕಿ ಒಂದು ರಾತ್ರಿ ಮಲಗಿಸಿದರು. ಆಕ್ಸಿಜನ್ 78ಕ್ಕೆ ಇಳಿದಿತ್ತು. ಮಷೀನ್, ಮಾಸ್ಕ್ ಎಲ್ಲ ಸೇರಿ 50 ಸಾವಿರದ ಹತ್ತಿರ ಆಯಿತು. ಒತ್ತಡ 14ಕ್ಕೆ ಇಟ್ಟುಕೊಟ್ಟರು. ಈ ಮಷೀನುಗಳಲ್ಲಿ ಸಾಮಾನ್ಯವಾಗಿ ಒತ್ತಡ 4ರಿಂದ 20ರವರೆಗೆ ಇರುತ್ತೆ, ನೀರಿನ ಸೆಂಟಿಮೀಟರ್ ಲೆಕ್ಕದಲ್ಲಿ. ಮಷೀನ್ ಮಾಡುವುದು ಇಷ್ಟೇ, ಗಾಳಿಯನ್ನು ಒತ್ತಡದಿಂದ ಒಳಗೆ ಕಳಿಸಿ ಗಂಟಲು ಕುಸಿಯದ ಹಾಗೆ ಹಿಡಿದಿಡುತ್ತೆ. ಸಿಡ್ನಿಯ ಡಾಕ್ಟರ್ ಕಾಲಿನ್ ಸಲಿವನ್ ಮತ್ತು ಅವರ ಜೊತೆಗಾರರು 1981ರಲ್ಲಿ ಐದು ಜನ ರೋಗಿಗಳ ಮೇಲೆ ಇದನ್ನು ಮಾಡಿ ತೋರಿಸಿದರು. ಅದಕ್ಕೆ ಮುಂಚೆ ತೀವ್ರ ಕಾಯಿಲೆ ಇದ್ದವರಿಗೆ ಕುತ್ತಿಗೆಯಲ್ಲಿ ತೂತು ಕೊರೆದು ಉಸಿರಿನ ದಾರಿ ಮಾಡುತ್ತಿದ್ದರಂತೆ. ಸಲಿವನ್ ಗಾಳಿ ಕಳಿಸಿದ್ದು ಮೂಗಿನ ಮೂಲಕ. ನನ್ನ ತೊಂದರೆ ಶುರುವಾದದ್ದೂ ಅಲ್ಲೇ.

ನನ್ನ ಮೂಗಿನ ನಡುಗೋಡೆ ಎಡಕ್ಕೆ ಬಾಗಿತ್ತು. ಒಂದು ಹೊಳ್ಳೆ ಯಾವಾಗಲೂ ಕಟ್ಟಿಯೇ ಇರುತ್ತಿತ್ತು. ಮುಚ್ಚಿದ ಬಾಗಿಲಿಗೆ ಗಾಳಿ ನೂಕಿದರೆ ಏನಾಗುತ್ತೆ? ಬಾಯಿ ತೆರೆದುಕೊಳ್ಳುತ್ತೆ, ಗಾಳಿಯೆಲ್ಲ ಬಾಯಿಯಿಂದ ಹೊರಗೆ ಹೋಗುತ್ತೆ, ನಾಲಿಗೆ ಒಣಗಿ ಕಟ್ಟಿಗೆ ಆಗುತ್ತೆ. ಮೂರು ತಿಂಗಳು ಒದ್ದಾಡಿದೆ. ಒಂದು ರಾತ್ರಿಗೂ ಎರಡು ತಾಸಿಗಿಂತ ಮೇಲೆ ಹಾಕಿಕೊಳ್ಳಲು ಆಗಲಿಲ್ಲ. ಆಗ ಕಿವಿ-ಮೂಗು-ಗಂಟಲು ಡಾಕ್ಟರ್ ನಡುಗೋಡೆ ನೆಟ್ಟಗೆ ಮಾಡುವ ಆಪರೇಷನ್ ಮಾಡಿಸಿಕೊಳ್ಳಿ ಅಂದರು. ಒಳಗಿನ ಊದಿದ ಮಾಂಸವನ್ನೂ ಸಣ್ಣ ಮಾಡುತ್ತೇವೆ ಅಂದರು. ಏಪ್ರಿಲ್ ರಜೆ ಹಿಡಿದು ಇಲ್ಲೇ ಕಲಬುರಗಿಯಲ್ಲಿ ಮಾಡಿಸಿಕೊಂಡೆ.

ಇಲ್ಲಿ ಒಂದು ಮಾತು ಮರೆಯದೆ ಹೇಳಬೇಕು. ಯಾವ ಆಪರೇಷನ್ನೇ ಇರಲಿ, ಮೂಗಿನದಿರಲಿ, ಮೊಣಕಾಲಿನದಿರಲಿ, ಅರಿವಳಿಕೆ ಕೊಡುವ ಡಾಕ್ಟರಿಗೆ ನಮಗೆ ಸ್ಲೀಪ್ ಆಪ್ನಿಯಾ ಇದೆ ಅಂತ ಮೊದಲೇ ಹೇಳಬೇಕು. ಅರಿವಳಿಕೆ ಮತ್ತು ಬಲವಾದ ನೋವಿನ ಔಷಧಿ ಗಂಟಲನ್ನು ಇನ್ನೂ ಸಡಿಲ ಮಾಡುತ್ತವೆ, ಉಸಿರನ್ನೂ ಇಳಿಸುತ್ತವೆ. ನಾನು ಹೇಳಿದ್ದಕ್ಕೆ ಅವರು ಒಂದು ರಾತ್ರಿ ಬೆರಳಿಗೆ ಕ್ಲಿಪ್ಪು ಹಾಕಿ ಇಟ್ಟುಕೊಂಡು ನೋಡಿದರು. ಆ ವಿಷಯದಲ್ಲಿ ನನಗೆ ಯಾವ ದೂರೂ ಇಲ್ಲ. ಆಪರೇಷನ್ನೂ ಚೆನ್ನಾಗಿಯೇ ಆಯಿತು.

ಮೊದಲ ವಾರ ಕಷ್ಟ. ಮೂಗಿನೊಳಗೆ ಪ್ಲಾಸ್ಟಿಕ್ ಪಟ್ಟಿ ಇಟ್ಟಿದ್ದರು, ಪೂರ್ತಿ ಬಾಯಿಯಲ್ಲೇ ಉಸಿರು. ಆ ದಿನಗಳಲ್ಲಿ ಆಪ್ನಿಯಾ ಮೊದಲಿಗಿಂತ ಜಾಸ್ತಿಯೂ ಆಗಬಹುದು, ಮೂಗು ಪೂರ್ತಿ ಕಟ್ಟಿರುತ್ತೆ ಅಲ್ವಾ. ಎರಡು ದಿಂಬು ಇಟ್ಟು ತಲೆ ಎತ್ತರ ಮಾಡಿ ಮಲಗಿದೆ. ನಿದ್ದೆ ಗುಳಿಗೆ ಮುಟ್ಟಬೇಡಿ ಅಂದಿದ್ದರು, ಮುಟ್ಟಲಿಲ್ಲ. ಏಳನೇ ದಿನ ಪಟ್ಟಿ ತೆಗೆದರು. ಆಮೇಲೆ ಉಪ್ಪು ನೀರಿನಿಂದ ಮೂಗು ತೊಳೆಯುವ ಕೆಲಸ, ದಿನಕ್ಕೆ ಮೂರು ಸಲ, ಕುದಿಸಿ ಆರಿಸಿದ ನೀರಿನಲ್ಲಿ ಮಾತ್ರ. ನಳದ ನೀರು ನೇರವಾಗಿ ಹಾಕಬಾರದು. ಕಪ್ಪು ಹಕ್ಕಳೆ ಬರುತ್ತಿತ್ತು. ಹತ್ತು ಹನ್ನೆರಡನೇ ದಿನಕ್ಕೆ ಎರಡೂ ಹೊಳ್ಳೆಯಿಂದ ಗಾಳಿ ಹೋಯಿತು. ನನಗೆ ನೆನಪಿರುವ ಹಾಗೆ ಬದುಕಿನಲ್ಲಿ ಮೊದಲ ಸಲ. ಒಗ್ಗರಣೆ ವಾಸನೆ ಅಷ್ಟು ದೂರದಿಂದ ಬರುತ್ತೆ ಅಂತ ಗೊತ್ತೇ ಇರಲಿಲ್ಲ. ಅಂಗಳದಲ್ಲಿ ನಿಂತು ಸುಮ್ಮನೆ ಉಸಿರಾಡಿದೆ. ಅತ್ತೆನೂ ಬಂದು ಪಕ್ಕದಲ್ಲಿ ನಿಂತರು, ಏನೂ ಮಾತಾಡಲಿಲ್ಲ, ಬೆನ್ನು ಸವರಿದರು.

ಆ ಖುಷಿಯೇ ದಾರಿ ತಪ್ಪಿಸುವುದು. ಉಸಿರು ಇಷ್ಟು ಸಲೀಸಾಗಿ ಹೋಗುತ್ತಿರುವಾಗ ಕಾಯಿಲೆ ಹೋಗಿರಲೇಬೇಕು ಅನ್ನಿಸುತ್ತೆ. ಗೊರಕೆ ಸಣ್ಣದಾಗಿದೆ ಅಂತ ಮನೆಯವರೂ ಹೇಳುತ್ತಾರೆ. ಆದರೆ ಗೊರಕೆ ಕಮ್ಮಿ ಆಯಿತು ಅಂದರೆ ಉಸಿರು ನಿಲ್ಲುವುದು ನಿಂತಿತು ಅಂತ ಅರ್ಥ ಅಲ್ಲ. ದಾರಿ ಮುಚ್ಚುವುದು ಗಂಟಲಿನಲ್ಲಿ, ನಾಲಿಗೆಯ ಹಿಂದೆ, ಕಿರುನಾಲಿಗೆಯ ಹತ್ತಿರ. ಆಪರೇಷನ್ ಆದದ್ದು ಮೂಗಿನಲ್ಲಿ. ಮೂಗಿನ ಆಪರೇಷನ್ ಒಂದರಿಂದಲೇ ಆಪ್ನಿಯಾ ವಾಸಿಯಾಗುವುದು ಅಪರೂಪ. ಮಷೀನ್ ಹಾಕಿಕೊಳ್ಳಲು ಸುಲಭ ಆಗಲಿ, ಬೇಕಾದ ಒತ್ತಡ ಕಡಿಮೆ ಆಗಲಿ ಅಂತಲೇ ಹೆಚ್ಚಾಗಿ ಅದನ್ನು ಮಾಡುವುದು. ಮಷೀನ್ ಹಾಕಿಕೊಳ್ಳಲು ಮಾಡಿಸಿದ ಆಪರೇಷನ್ ನಂತರ ಜನ ಮಷೀನನ್ನೇ ಬಿಟ್ಟುಬಿಡುತ್ತಿದ್ದಾರಲ್ಲ, ಇದಕ್ಕಿಂತ ಸಂಕಟ ಇನ್ನೇನಿದೆ?

ಯಾಕೆ ಬಿಡುತ್ತಾರೆ ಅಂತ ನನಗೆ ಗೊತ್ತು. ಹಸಿ ಗಾಯಕ್ಕೆ ಒತ್ತಡದ ಗಾಳಿ ಬಡಿದರೆ ಒಣಗಿ ರಕ್ತ ಬರಬಹುದು, ಅದಕ್ಕೆ ಸ್ವಲ್ಪ ದಿನ ನಿಲ್ಲಿಸಲು ಹೇಳುತ್ತಾರೆ, ಅದು ಸರಿಯೇ. ನಿಲ್ಲಿಸಿ ಅಂತ ಹೇಳುವವರು ಇದ್ದಾರೆ. ಶುರು ಮಾಡಿ ಅಂತ ಹೇಳುವವರು ಯಾರು? ನನ್ನ ಡಿಸ್ಚಾರ್ಜ್ ಚೀಟಿಯಲ್ಲಿ ಗುಳಿಗೆ, ಹನಿ, ಉಪ್ಪು ನೀರು, ಖಾರ ಬಿಡಿ, ಭಾರ ಎತ್ತಬೇಡಿ, ಮೂಗು ಜೋರಾಗಿ ಸೀದಬೇಡಿ ಎಲ್ಲ ಇತ್ತು. ಮಷೀನಿನ ಬಗ್ಗೆ ಒಂದು ಅಕ್ಷರ ಇರಲಿಲ್ಲ. ಮೂರನೇ ವಾರ ಕೇಳಲು ಹೋದೆ. ಮೂಗಿನ ಡಾಕ್ಟರ್, ನನ್ನ ಕಡೆಯಿಂದ ಎಲ್ಲ ಸರಿಯಿದೆ, ಮಷೀನಿನ ವಿಷಯ ಅದನ್ನು ಬರೆದುಕೊಟ್ಟವರನ್ನು ಕೇಳಿ ಅಂದರು. ಅವರಿಗೆ ಫೋನ್ ಮಾಡಿದರೆ, ಮೂಗು ಪೂರ್ತಿ ಒಣಗಿದೆ ಅಂತ ಮೂಗಿನ ಡಾಕ್ಟರ್ ಹೇಳಲಿ ಅಂದರು. ಮಷೀನ್ ಮಾರಿದವರು, ಡಾಕ್ಟರ್ ಹೇಳಿದ ಹಾಗೆ ಮಾಡಿ ಮೇಡಂ ಅಂದರು. ಇವರಲ್ಲಿ ಯಾರೂ ಕೆಟ್ಟವರಲ್ಲ. ಅವರವರ ಪಾಲಿನ ಕೆಲಸ ಎಲ್ಲರೂ ಮಾಡಿದ್ದಾರೆ. ನಡುವೆ ಬಿದ್ದವಳು ನಾನು. ಮಷೀನ್ ಇಲ್ಲದೆ ಮಲಗುವ ಅಭ್ಯಾಸ ಮತ್ತೆ ಹತ್ತಿಬಿಟ್ಟಿತ್ತು. ಐದನೇ ವಾರ ಮಗಳು ನನ್ನ ನಿದ್ದೆಯನ್ನು ಮೊಬೈಲಿನಲ್ಲಿ ಹಿಡಿದು ಬೆಳಗ್ಗೆ ತೋರಿಸಿದಳು. ಎದೆ ಏಳುತ್ತಿದೆ, ಇಳಿಯುತ್ತಿದೆ, ಶಬ್ದವೇ ಇಲ್ಲ. ಇಪ್ಪತ್ತೆಂಟು ಸೆಕೆಂಡು. ನಾನೇ ಎಣಿಸಿದೆ. ಹಾಲ್‌ನಲ್ಲಿ ಕೂತು ಅತ್ತುಬಿಟ್ಟೆ.

ಮತ್ತೆ ಶುರು ಮಾಡಿದ್ದು ಮೇ ತಿಂಗಳಲ್ಲಿ. ಕಲಬುರಗಿಯ ಮೇ ಹೇಗಿರುತ್ತೆ ಅಂತ ಓದುಗರಿಗೆ ಹೇಳಬೇಕಿಲ್ಲ. ಹೊರಗೆ 43 ಡಿಗ್ರಿ, ಶಹಾಬಾದ್ ಕಲ್ಲಿನ ನೆಲ ರಾತ್ರಿ ಹತ್ತಕ್ಕೂ ಕಾದಿರುತ್ತೆ. ಅದರ ಮೇಲೆ ಮುಖಕ್ಕೆ ಸಿಲಿಕಾನ್ ಮಾಸ್ಕ್. ಮೊದಲ ರಾತ್ರಿ ಅರ್ಧ ತಾಸು. ಎರಡನೇ ರಾತ್ರಿ ನಿದ್ದೆಗಣ್ಣಿನಲ್ಲೇ ಕಿತ್ತು ಎಸೆದಿದ್ದೆ. ಆಪರೇಷನ್ ಆದ ಮೂಗು ಒಳಗೆ ಇನ್ನೂ ಎಳೆಯದಿತ್ತು, ಮುಟ್ಟಿದರೆ ಝುಂ ಅನ್ನುತ್ತಿತ್ತು. ಮೊದಲು ಹೊಳ್ಳೆಯೊಳಗೆ ಕೂರುವ ಸಣ್ಣ ಮಾಸ್ಕ್ ಇತ್ತು, ಅದು ಹುಣ್ಣು ಮಾಡಿತು. ಮೂಗಿನ ಮೇಲೆ ಪೂರ್ತಿ ಕೂರುವ ಮಾಸ್ಕಿಗೆ ಬದಲಾಯಿಸಿದೆ. ಬೆಳಗ್ಗೆ ಹೊಟ್ಟೆ ಉಬ್ಬಿ ತೇಗು. ಗಾಳಿ ಹೊಟ್ಟೆಗೆ ಹೋಗುತ್ತಿತ್ತು. ಮೂರು ವಾರ ಹೀಗೇ ನರಳಿದ ಮೇಲೆ ಮಗಳು ನನ್ನನ್ನು ಎಳೆದುಕೊಂಡು ಹೈದರಾಬಾದಿಗೆ ಹೋದಳು. ಅಲ್ಲಿ ಮಷೀನಿನೊಳಗೆ ರಾತ್ರಿಯ ಲೆಕ್ಕವೆಲ್ಲ ಉಳಿಯುವ ಕಾರ್ಡ್ ತೆಗೆದು ನೋಡಿದರು. ಒತ್ತಡ ಹಳೆಯ 14ರಲ್ಲೇ ಇತ್ತು. ಆ 14 ಕಟ್ಟಿದ ಮೂಗಿಗೆ ಇಟ್ಟದ್ದು. ತೆರೆದ ಮೂಗಿಗೆ ಅದು ಜಾಸ್ತಿ ಆಗಿತ್ತು. ಒಂದು ವಾರ ಮಷೀನ್ ತಾನೇ ಒತ್ತಡ ಹುಡುಕಿಕೊಳ್ಳುವ ಹಾಗೆ ಇಟ್ಟರು. ಕೊನೆಗೆ 9ಕ್ಕೆ ನಿಂತಿತು. 14 ಎಲ್ಲಿ, 9 ಎಲ್ಲಿ! ಆ ರಾತ್ರಿಯಿಂದ ಹೊಟ್ಟೆ ಉಬ್ಬುವುದು ಹೋಯಿತು. ಆಪರೇಷನ್ ಆದ ಮೇಲೆ ಒತ್ತಡ ಮತ್ತೆ ನೋಡಿಸಬೇಕು ಅನ್ನುವ ಒಂದು ಸಾಲು ಯಾರಾದರೂ ಬರೆದುಕೊಟ್ಟಿದ್ದರೆ ಆ ಮೂರು ವಾರದ ನರಳಾಟ ಇರುತ್ತಿರಲಿಲ್ಲ.

ಮೂಗುಬಟ್ಟಿನ ವಿಷಯ ಬರೆಯಲೋ ಬೇಡವೋ ಅಂತ ಯೋಚಿಸಿದೆ. ಬರೆಯುತ್ತೇನೆ, ನನ್ನಂಥ ಹೆಂಗಸರು ಓದುತ್ತಾರೆ. ಆಪರೇಷನ್ ದಿನ ಮೂಗುಬಟ್ಟು ತೆಗೆಸಿದ್ದರು. ವಾಸಿಯಾದ ಮೇಲೆ ಮತ್ತೆ ಹಾಕಿಕೊಂಡೆ. ಮದುವೆಯಲ್ಲಿ ಅತ್ತೆ ಕೊಟ್ಟದ್ದು, ಆಪರೇಷನ್ ಬಿಟ್ಟರೆ ಇಪ್ಪತ್ತೇಳು ವರ್ಷದಲ್ಲಿ ತೆಗೆದದ್ದೇ ಇಲ್ಲ. ಮಾಸ್ಕ್ ಅದರ ಮೇಲೆ ಕೂತರೆ ಒಂದು ಕಡೆಯಿಂದ ಗಾಳಿ ಸೋರಿ ಕಣ್ಣಿಗೆ ಹೊಡೆಯುತ್ತಿತ್ತು, ಪಟ್ಟಿ ಬಿಗಿ ಮಾಡಿದರೆ ಬಟ್ಟು ಒತ್ತಿ ನೋವು. ತೆಗೆದಿಡಲು ಮನಸ್ಸು ಒಪ್ಪಲಿಲ್ಲ, ಕೇಳಲೂ ಧೈರ್ಯ ಬರಲಿಲ್ಲ. ಅತ್ತೆಯೇ ಒಂದು ರಾತ್ರಿ ಕಂಡು, "ರಾತ್ರಿ ತೆಗದ ದೇವರ ಮುಂದ ಇಡು, ಮುಂಜಾನಿ ಹಾಕ್ಕೊ, ಉಸಿರಕಿಂತ ಹೆಚ್ಚಿನ ಮುತ್ತೈದಿತನ ಯಾವುದದ?" ಅಂದರು. ಈಗ ದಿನಾ ರಾತ್ರಿ ಅದು ಸಣ್ಣ ಬಟ್ಟಲಿನಲ್ಲಿ ಇರುತ್ತೆ. ಮಾಸ್ಕ್ ಕೊಡುವವರು ಹೆಂಗಸರಿಗೆ ಇದನ್ನು ಕೇಳಬೇಕು. ತಲೆಗೆ ಕೊಬ್ಬರಿ ಎಣ್ಣೆ, ಮುಖಕ್ಕೆ ಕ್ರೀಮ್ ಹಚ್ಚಿ ಮಲಗಬೇಡಿ ಅಂತಲೂ ಹೇಳಬೇಕು. ಮಾಸ್ಕ್ ಜಾರುತ್ತೆ, ಸಿಲಿಕಾನ್ ಬೇಗ ಹಾಳಾಗುತ್ತೆ. ನಾನು ಎರಡು ಮಾಸ್ಕ್ ಹಾಗೆ ಕಳೆದುಕೊಂಡೆ.

ಅಭ್ಯಾಸ ಆದದ್ದು ಹಗಲು. ಸಂಜೆ ಟಿವಿ ನೋಡುತ್ತಾ ಅರ್ಧ ತಾಸು ಮಾಸ್ಕ್ ಹಾಕಿ, ಮಷೀನ್ ಹಚ್ಚಿ ಕೂರುತ್ತಿದ್ದೆ. ಮೊದಲು ಬರೀ ಮಾಸ್ಕ್, ಆಮೇಲೆ ಗಾಳಿ. ನಿದ್ದೆ ಮಾಡಬೇಕು ಅನ್ನುವ ಒತ್ತಾಯ ಇಲ್ಲದಾಗ ಮುಖ ತಾನಾಗಿ ಒಪ್ಪಿಕೊಳ್ಳುತ್ತೆ. ಗಾಳಿ ಸಣ್ಣದಾಗಿ ಶುರುವಾಗಿ ನಿಧಾನ ಏರುವ ಹಾಗೆ ಮಷೀನಿನಲ್ಲೇ ಒಂದು ಸೌಲಭ್ಯ ಇದೆ, ಅದನ್ನು ಹಾಕಿಸಿಕೊಳ್ಳಿ. ಗಾಳಿಗೆ ತೇವ ಕೊಡುವ ನೀರಿನ ಡಬ್ಬಿ ಆಪರೇಷನ್ ಆದ ಮೂಗಿಗೆ ಬೇಕೇ ಬೇಕು. ಅದಕ್ಕೆ ಡಿಸ್ಟಿಲ್ಡ್ ವಾಟರ್ ಹಾಕಿ. ನಮ್ಮ ಬೋರ್‌ವೆಲ್ ನೀರು ಹಾಕಿದರೆ ನಾಲ್ಕೇ ದಿನಕ್ಕೆ ಡಬ್ಬಿ ತಳದಲ್ಲಿ ಬಿಳಿ ಪದರ ಕಟ್ಟುತ್ತೆ. ಡಿಸೆಂಬರ್ ಚಳಿಯಲ್ಲಿ ಬೇರೆ ತೊಂದರೆ, ಪೈಪಿನೊಳಗೆ ತೇವ ನೀರಾಗಿ ಮುಖಕ್ಕೆ ಸಿಡಿಯುತ್ತೆ. ಬೀದರಿನ ತಂಗಿ ಹಳೆಯ ಸ್ವೆಟರಿನ ತೋಳು ಕತ್ತರಿಸಿ ಪೈಪಿಗೆ ಹೊದಿಸಿಕೊಟ್ಟಳು, ಅಲ್ಲಿಗೆ ಸರಿಹೋಯಿತು. ತೊಗರಿ ರಾಶಿ ಮಾಡುವ ದಿನಗಳಲ್ಲಿ ಊರಿಗೆ ಹೋದರೆ ಫಿಲ್ಟರ್ ಎರಡೇ ದಿನಕ್ಕೆ ಕಂದು ಬಣ್ಣ. ಸೇಡಂ, ವಾಡಿ ಕಡೆ ಸಿಮೆಂಟ್ ಧೂಳಿನಲ್ಲಿ ಇರುವವರು ಫಿಲ್ಟರನ್ನು ವಾರ ವಾರ ನೋಡಲೇಬೇಕು.

ಕರೆಂಟಿನ ಬಗ್ಗೆ. ರಾತ್ರಿ ಕರೆಂಟ್ ಹೋಗಿ ಮಷೀನ್ ನಿಂತರೆ ಉಸಿರು ಕಟ್ಟಿ ಸಾಯುತ್ತೇವೆ ಅಂತ ಬಹಳ ಜನ ಹೆದರುತ್ತಾರೆ. ಹಾಗೇನೂ ಇಲ್ಲ. ಮಾಸ್ಕಿನಲ್ಲಿ ಗಾಳಿಗೆ ತೂತುಗಳಿರುತ್ತವೆ, ಬಾಯಿ-ಮೂಗು ಎರಡೂ ಮುಚ್ಚುವ ದೊಡ್ಡ ಮಾಸ್ಕಿನಲ್ಲಿ ಮಷೀನ್ ನಿಂತಾಗ ತೆರೆದುಕೊಳ್ಳುವ ಕವಾಟವೇ ಇರುತ್ತೆ. ಎಚ್ಚರ ಆಗುತ್ತೆ, ತೆಗೆದಿಡುತ್ತೇವೆ. ಆದರೆ ಉಳಿದ ರಾತ್ರಿಯ ನಿದ್ದೆ ಮಾತ್ರ ಹಳೆಯ ನಿದ್ದೆಯೇ. ಮನೆಯಲ್ಲಿ ಇನ್ವರ್ಟರ್ ಇದ್ದರೆ ನೀರಿನ ಡಬ್ಬಿಯ ಬಿಸಿ ಆಫ್ ಮಾಡಿಟ್ಟುಕೊಳ್ಳಿ. ಜಾಸ್ತಿ ಕರೆಂಟ್ ಎಳೆಯುವುದು ಆ ಬಿಸಿಯೇ. ಅದಿಲ್ಲದಿದ್ದರೆ ಇನ್ವರ್ಟರ್ ಬಹಳ ಹೊತ್ತು ಬಾಳುತ್ತೆ.

ನನಗೆ ಪೂರ್ತಿ ರಾತ್ರಿ ಮಾಸ್ಕ್ ನಿಂತದ್ದು ಶಾಲೆ ಶುರುವಾದ ಮೇಲೆ, ಜೂನ್ ಕೊನೆಗೆ. ಬೆಳಗ್ಗೆ ಎದ್ದಾಗ ತಲೆನೋವು ಇರಲಿಲ್ಲ. ರಾತ್ರಿ ಒಂದು ಸಲವೂ ಎದ್ದಿರಲಿಲ್ಲ. ಮಷೀನಿನ ಪರದೆ ಮೇಲೆ 3 ಅಂತ ಬಂದಿತ್ತು. ತಾಸಿಗೆ 41 ಇದ್ದದ್ದು 3. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಭೀಮಾ ನದಿ ನೋಡಿದೆ, ಹೊಸ ನೀರು ಬಂದಿತ್ತು. ಆರು ತಿಂಗಳ ನಂತರ ಬಿಪಿ ಗುಳಿಗೆ ಒಂದನ್ನು ಡಾಕ್ಟರ್ ತಾವೇ ನಿಲ್ಲಿಸಿದರು. ಎಲ್ಲರಿಗೂ ಹಾಗೇ ಆಗುತ್ತೆ ಅಂತ ಹೇಳುತ್ತಿಲ್ಲ. ನನಗೆ ಆದದ್ದು ಹೇಳಿದೆ.

ಈಗ ನಾನು ಕೇಳುವುದು. ದೊಡ್ಡ ಖರ್ಚಿನದು ಏನೂ ಅಲ್ಲ. ಸ್ಲೀಪ್ ಆಪ್ನಿಯಾ ಇರುವವರಿಗೆ ಮೂಗಿನ ಆಪರೇಷನ್ ಮಾಡಿ ಮನೆಗೆ ಕಳಿಸುವಾಗ ಡಿಸ್ಚಾರ್ಜ್ ಚೀಟಿಯಲ್ಲಿ ಎರಡು ತಾರೀಕು ಬರೆಯಿರಿ. ಮಷೀನ್ ಮತ್ತೆ ಹಾಕಬೇಕಾದ ತಾರೀಕು ಒಂದು, ಒತ್ತಡ ಮತ್ತೆ ನೋಡಿಸಬೇಕಾದ ತಾರೀಕು ಒಂದು. ಗಾಯ ನೋಡಿ ಒಂದು ವಾರ ಹಿಂದೆ ಮುಂದೆ ಆದರೂ ಆಗಲಿ, ತಾರೀಕು ಇರಲಿ. ತಾರೀಕು ಬರೆದಿದ್ದರೆ ಮನೆಯವರು ಗೋಡೆ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಾರೆ. "ಸ್ವಲ್ಪ ದಿನ" ಅಂತ ಬಾಯಿಮಾತಿನಲ್ಲಿ ಹೇಳಿದರೆ ಅದು ಎಂಟು ತಿಂಗಳಾಗುತ್ತೆ. ಮೂಗಿನ ಡಾಕ್ಟರ್ ಮತ್ತು ನಿದ್ದೆಯ ಡಾಕ್ಟರ್ ಒಬ್ಬರಿಗೊಬ್ಬರು ಒಂದು ಫೋನ್ ಮಾಡಿಕೊಂಡರೆ ಇನ್ನೂ ಒಳ್ಳೆಯದು. ನಾವು ಅವರಿಬ್ಬರ ನಡುವೆ ಮಾತು ಒಯ್ದು ಮುಟ್ಟಿಸಲು ಹೋಗಿ ಅರ್ಧ ಮರೆಯುತ್ತೇವೆ, ಇನ್ನರ್ಧ ತಪ್ಪು ಹೇಳುತ್ತೇವೆ.

ಇನ್ನೊಂದು ಆಸೆ ಇದೆ. ಕಲಬುರಗಿ, ಬೀದರ್, ಯಾದಗಿರಿ ಮೂರೂ ಕಡೆ ಈಗ ಸರ್ಕಾರಿ ಮೆಡಿಕಲ್ ಕಾಲೇಜು ಇವೆ. ವಾರಕ್ಕೆ ಒಂದು ಮಧ್ಯಾಹ್ನ, ಒಂದು ಟೇಬಲ್ ಹಾಕಿ, ತಿಳಿದವರೊಬ್ಬರು ಕೂತು ಮಾಸ್ಕ್ ಅಳತೆ ನೋಡಿ, ಪಟ್ಟಿ ಸಡಿಲ ಬಿಗಿ ಮಾಡಿ, ಮಷೀನಿನ ಕಾರ್ಡ್ ಓದಿ ಹೇಳುವ ಹಾಗೆ ಆದರೆ ಎಷ್ಟು ಜನ ಉಳಿಯುತ್ತಾರೆ. ಮಾಸ್ಕಿನ ಒಂದು ಪಟ್ಟಿ ಸರಿ ಮಾಡಿಸಲು ಸುರಪುರದವರು ಸೋಲಾಪುರಕ್ಕೋ ಹೈದರಾಬಾದಿಗೋ ಹೋಗಲು ಆಗುತ್ತಾ? ಕೂಲಿ ಬಿಟ್ಟು, ಬಸ್ ಚಾರ್ಜ್ ಕೊಟ್ಟು ಒಂದು ಸಲ ಹೋಗುತ್ತಾರೆ, ಎರಡನೇ ಸಲ ಮಷೀನನ್ನು ಬ್ಯಾಗಿಗೆ ಹಾಕಿ ಮೇಲಿಡುತ್ತಾರೆ. ರಾತ್ರಿ ಲಾರಿ ಓಡಿಸುವವರಲ್ಲಿ, ಬಸ್ ಡ್ರೈವರುಗಳಲ್ಲಿ ಈ ಕಾಯಿಲೆ ಇದ್ದರೆ ಅವರೊಬ್ಬರ ಜೀವದ ಪ್ರಶ್ನೆಯಷ್ಟೇ ಆಗಿ ಉಳಿಯಲ್ಲ, ಅದನ್ನು ನಾನು ಬಿಡಿಸಿ ಹೇಳಬೇಕಿಲ್ಲ.

ಹೋದ ಭಾನುವಾರ ಮೇಷ್ಟ್ರ ಮನೆಗೆ ಮತ್ತೆ ಹೋಗಿದ್ದೆ. ಮೊದಲು ಅವರ ಮೂಗಿನ ಡಾಕ್ಟರಿಗೆ ಫೋನ್ ಮಾಡಿಸಿ ಈಗ ಹಾಕಬಹುದು ಅಂತ ಕೇಳಿಕೊಂಡೆವು. ಅವರ ಹೆಂಡತಿ ಬ್ಯಾಗ್ ಇಳಿಸಿದರು. ಎಂಟು ತಿಂಗಳ ಧೂಳು ಒರೆಸಿ, ಮಾಸ್ಕನ್ನು ಸೋಪಿನ ನೀರಿನಲ್ಲಿ ತೊಳೆದು ನೆರಳಿಗೆ ಒಣಗಿಸಿ, ಫಿಲ್ಟರ್ ಹೊಸದು ಹಾಕಿದೆವು. ಒತ್ತಡ ಮತ್ತೆ ನೋಡಿಸಲು ಮುಂದಿನ ವಾರ ಸೋಲಾಪುರಕ್ಕೆ ಹೋಗುವುದು ಅಂತ ಆಯಿತು. ಟಿವಿ ಮುಂದೆ ಇಪ್ಪತ್ತು ನಿಮಿಷ ಹಾಕಿ ಕೂತರು. ಅವರಿಗೆ ಅಷ್ಟೇನೂ ಮನಸ್ಸಿರಲಿಲ್ಲ, ನನ್ನ ಮಾತಿಗೆ ಬೇಡ ಅನ್ನಲು ಆಗದೆ ಹಾಕಿಕೊಂಡರು ಅಂತ ಕಾಣುತ್ತೆ. ನಿನ್ನೆ ಬೆಳಗ್ಗೆ ಆರೂವರೆಗೆ ಫೋನ್ ಬಂತು. "ಟೀಚರ್, ಮೂರು ತಾಸು ಇಪ್ಪತ್ತು ನಿಮಿಷ ತೋರಿಸಾಕತ್ತದ ನೋಡ್ರಿ, ಆದ್ರ ಎಡಗಡೆ ಗಾಳಿ ಸೋರತದ" ಅಂದರು. ನಾಳೆ ಶಾಲೆ ಬಿಟ್ಟ ಮೇಲೆ ಪಟ್ಟಿ ಸರಿ ಮಾಡಿಕೊಡಲು ಅವರ ಮನೆಗೆ ಹೋಗುತ್ತಿದ್ದೇನೆ.

ಇಂತಿ,
ಒಬ್ಬ ಶಾಲಾ ಶಿಕ್ಷಕಿ
ಬ್ರಹ್ಮಪುರ, ಕಲಬುರಗಿ